ಹಂಡೆ ಮನೆಗೆ ಮರಳಿದ ಬಗೆ

ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ 13ನೆಯ ಶತಮಾನದ ಸುಮಾರಿಗೆ ಯಾವುದಾದರೊಂದು ಮನೆಯ ಮುಂದೆ ಉದ್ದನೆಯ ಗಳುವೊಂದನ್ನು ಚಾಚಿ ಅದರ ತುದಿಗೆ ಸೊಪ್ಪಿನ ಕಟ್ಟನ್ನು ಬಿಗಿದಿದ್ದರೆ, ಆ ಮನೆಯೊಡತಿ ಏಲ್ ಕಾಸಿದ್ದಾಳೆ, ಅದು ಹದಕ್ಕೆ ಬಂದಿದೆ, ಮನೆಯವರ ಅಗತ್ಯಕ್ಕೆ ಮಿಕ್ಕುದನ್ನು ಮಾರಲಿದ್ದಾಳೆ ಎಂಬುದೆಲ್ಲ ಊರಿಗೆ ಒಮ್ಮೆಗೇ ತಿಳಿಯುತ್ತಿತ್ತು. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳೆತ ಕಾಳನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಮಾಲ್ಟ್ ಮಾಡಿಕೊಂಡು, ಒಡೆದು, ಬಿಸಿನೀರಿನಲ್ಲಿ ಕಲಸಿಟ್ಟು, ಅದರಿಂದ ಬಸಿದ ಸಿಹಿನೀರನ್ನು ಹುದುಗಲು ಬಿಟ್ಟರೆ ದೊರೆಯುತ್ತಿದ್ದ ಈ ಪಾನೀಯವು ಅಂದಿನವರಿಗೆ ವಿಲಾಸವಸ್ತುವಾಗಿರದೆ ರೊಟ್ಟಿಯ ಜೊತೆಗಾರನಾದ ಆಹಾರವಾಗಿತ್ತು. ಅದೇ ಕಾಳಿನ ಮೇಲೆ ಮತ್ತೊಮ್ಮೆ ನೀರೆರೆದು ತೆಗೆದ ತೆಳುವಾದ ಏಲನ್ನು ಮಕ್ಕಳೂ ಕುಡಿಯುತ್ತಿದ್ದರು. ಗರ್ವಾಸ್ ಮಾರ್ಕಂ ಎಂಬ ಗ್ರಂಥಕಾರನು 1615ರಲ್ಲಿ ಇಂಗ್ಲಿಷ್ ಗೃಹಿಣಿಯ ವಿದ್ಯೆಗಳನ್ನು ಕುರಿತು ಬರೆದಾಗಲೂ ಮಾಲ್ಟ್ ಮಾಡುವುದನ್ನೂ ಬಿಯರ್ ಕಾಸುವುದನ್ನೂ ಅಡುಗೆ, ಔಷಧಿ, ಹೈನುಗಳ ಸಾಲಿನಲ್ಲಿಯೇ ಸೇರಿಸಿದನು.

ಗಳುವಿನ ಗುರುತು ಗಿರಾಕಿಗಳನ್ನು ಮಾತ್ರವಲ್ಲದೆ ಅಧಿಕಾರಿಯನ್ನೂ ಕರೆಯುತ್ತಿತ್ತು. ಮೂರನೆಯ ಹೆನ್ರಿಯ ಆಳ್ವಿಕೆಯಲ್ಲಿ, 1266-67ರ ಸುಮಾರಿಗೆ, ರೊಟ್ಟಿ ಮತ್ತು ಏಲ್‌ಗಳ ಬೆಲೆಯನ್ನು ಧಾನ್ಯದ ಬೆಲೆಗೆ ಹೊಂದಿಸಿ ಗೊತ್ತುಮಾಡುವ ಶಾಸನವೊಂದು ಹೊರಟಿತು. ಅದನ್ನು ನಡೆಸುವುದಕ್ಕೆ ಊರೂರಿಗೂ ಏಲ್ ಪರೀಕ್ಷಕರು ನೇಮಕವಾದರು. ಮಹಾಕವಿ ಷೇಕ್ಸ್‌ಪಿಯರನ ತಂದೆ ಜಾನ್ ಷೇಕ್ಸ್‌ಪಿಯರನು 1556ರಲ್ಲಿ ಸ್ಟ್ರಾಟ್‌ಫರ್ಡ್ ಪಟ್ಟಣದಲ್ಲಿ ಹೊಂದಿದ್ದ ಪದವಿ ಇದೇ. ಪರೀಕ್ಷಕನು ಚರ್ಮದ ಚಲ್ಲಣ ತೊಟ್ಟು, ಬೆಂಚಿನ ಮೇಲೆ ಚೆಲ್ಲಿದ ಏಲಿನ ಮೇಲೆ ಅರ್ಧ ಗಂಟೆ ಕುಳಿತು, ಏಳುವಾಗ ಚಲ್ಲಣ ಅಂಟಿಕೊಂಡಿತೋ ಇಲ್ಲವೋ ಎಂಬುದರಿಂದ ಗುಣವನ್ನು ನಿರ್ಣಯಿಸುತ್ತಿದ್ದನೆಂಬ ಕಥೆಯೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ಆ ಕಾಲದ ಯಾವ ದಾಖಲೆಯೂ ಅದನ್ನು ಸಮರ್ಥಿಸುವುದಿಲ್ಲ. ನಾಲಗೆಯಿದ್ದವನು ಅಷ್ಟು ಕಷ್ಟಪಡಬೇಕಾದ ಕಾರಣವೂ ಕಾಣುವುದಿಲ್ಲ. ನಿಜವಾದ ಸಂಗತಿಯೆಂದರೆ, ಗ್ರಾಮ ನ್ಯಾಯಾಲಯಗಳು ಏಲ್ ಮಾರುವ ಹೆಂಗಸರ ಮೇಲೆ ತಪ್ಪಿದ್ದರೂ ಇಲ್ಲದಿದ್ದರೂ ವರ್ಷವರ್ಷವೂ ಸಣ್ಣ ದಂಡವನ್ನು ಹೇರುತ್ತಿದ್ದುವು. ಹೆಸರಿಗೆ ದಂಡವಾದ ಅದು ವಸ್ತುತಃ ಪರವಾನಗಿಯ ಶುಲ್ಕವೇ ಆಗಿತ್ತು. ಆ ಹೆಂಗಸರ ಹೆಸರುಗಳು ಇಂದು ನಮಗೆ ತಿಳಿದಿರುವುದು ಈ ದಂಡದ ಪಟ್ಟಿಗಳಿಂದಲೇ. ಜೂಡಿತ್ ಬೆನೆಟ್ ಎಂಬ ಇತಿಹಾಸಜ್ಞೆಯು 1996ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಬಹುಮಟ್ಟಿಗೆ ಆಧಾರವಾದುವು ಇಂಥ ಕಡತಗಳು. ಸುಂಕದವನಷ್ಟು ಶ್ರದ್ಧೆಯಿಂದ ಬಡವರ ಚರಿತ್ರೆಯನ್ನು ಬರೆದಿಟ್ಟವರು ಬೇರೆ ಯಾರೂ ಇಲ್ಲವೆಂದು ಒಮ್ಮೊಮ್ಮೆ ತೋರುತ್ತದೆ.

ಆ ಹೆಂಗಸರ ವಿದ್ಯೆ ಕಣ್ಣು ಕೈಗಳ ವಿದ್ಯೆ. ಮಾಲ್ಟಿಗೆ ಎರೆಯುವ ನೀರು ಅತಿಯಾಗಿ ಕಾದಿದ್ದರೆ ಕಾಳಿನ ಹಿಟ್ಟನ್ನು ಸಕ್ಕರೆಯಾಗಿಸುವ ಸತ್ವ ಸುಟ್ಟುಹೋಗುತ್ತದೆ, ಕಾವು ಸಾಲದಿದ್ದರೆ ಅದು ಏಳುವುದೇ ಇಲ್ಲ; ಇಂದಿನವರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಎಂದು ಹೇಳುವ ಆ ಹದವನ್ನು ಹಿಂದಿನವರು ಕಂಡುಕೊಳ್ಳುತ್ತಿದ್ದ ಕ್ರಮವೆಂದರೆ, ಕುದಿದ ನೀರನ್ನು ಆರಲು ಬಿಟ್ಟು, ಆವಿ ತಿಳಿಯಾಗಿ ನೀರಿನಲ್ಲಿ ತಮ್ಮ ಮುಖ ಕಾಣುವ ಗಳಿಗೆಯನ್ನು ಕಾಯುವುದು. ಹುದುಗಿಸುವ ಯೀಸ್ಟಿನ ಸ್ವರೂಪವನ್ನು ಆಗ ಯಾರೂ ಅರಿತಿರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರನ್ನು ಹೆಪ್ಪಿಗೆ ಎತ್ತಿಡುವಂತೆ, ಹಿಂದಿನ ಸಲದ ನೊರೆಯನ್ನೋ ತಳದ ಮಡ್ಡಿಯನ್ನೋ ಜೋಪಾನವಾಗಿಟ್ಟು ಮುಂದಿನ ಹಂಡೆಗೆ ಬೆರೆಸುವುದು, ತನ್ನದು ಕೆಟ್ಟರೆ ನೆರೆಮನೆಯಿಂದ ಬೇಡಿ ತರುವುದು ಎಲ್ಲರಿಗೂ ತಿಳಿದಿತ್ತು. ನಾರ್ವೆ ದೇಶದ ಪಶ್ಚಿಮದ ಕಣಿವೆಗಳಲ್ಲಿ, ವಿಶೇಷವಾಗಿ ವೋಸ್ ಎಂಬ ಸೀಮೆಯಲ್ಲಿ, ಈ ಪದ್ಧತಿ ಇಂದಿಗೂ ಕಡಿದುಹೋಗಿಲ್ಲ. ಅಲ್ಲಿಯ ರೈತರು ಕ್ವೈಕ್ ಎಂದು ಕರೆಯುವ ಮನೆಯ ಯೀಸ್ಟನ್ನು, ಚಿಕ್ಕಚಿಕ್ಕ ಮರದ ತುಂಡುಗಳನ್ನು ಪೋಣಿಸಿದ ಬಳೆಯಾಕಾರದ ಸರಕ್ಕೆ ಮೆತ್ತಿಸಿ, ಒಣಗಿಸಿ, ನೇತುಹಾಕುತ್ತಿದ್ದರು. ವರ್ಷದ ಮೇಲೆ ಆ ಸರವನ್ನು ಬೆಚ್ಚಗಿನ ಸಿಹಿನೀರಿನಲ್ಲಿ ಅದ್ದಿದರೆ ಒಂದೆರಡು ದಿನಗಳಲ್ಲಿಯೇ ಹುದುಗು ಉಕ್ಕಿಬರುತ್ತದೆ. ಸಾಧಾರಣ ಯೀಸ್ಟು ಕಂಗೆಡುವ 35 ಡಿಗ್ರಿಗೂ ಮೀರಿದ ಸೆಕೆಯಲ್ಲಿ ಅದು ಸುಖವಾಗಿ ಕೆಲಸ ಮಾಡುತ್ತದೆಂಬುದು ವಿಜ್ಞಾನಿಗಳಿಗೆ ತಿಳಿದುದು ತೀರ ಈಚೆಗೆ.

ಈ ಗೃಹವಿದ್ಯೆಯನ್ನು ಮನೆಯಿಂದ ಹೊರಡಿಸಿದುದು ಒಂದು ಹೂವು. ಹಾಪ್ಸ್ ಬಳ್ಳಿಯ ಹೂವನ್ನು ಸಿಹಿನೀರಿನೊಡನೆ ಕುದಿಸುವ ರೂಢಿ ನೆದರ್ಲೆಂಡ್ಸ್ ಸೀಮೆಗಳಿಂದ 14ನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಬಂದಿತು; ಹೂವಿಲ್ಲದ್ದು ಏಲ್, ಹೂವಿದ್ದದ್ದು ಬಿಯರ್ ಎಂದು ಜನ ಆಗ ಭೇದ ಮಾಡುತ್ತಿದ್ದರು. ಏಲ್ ಕೆಲವೇ ದಿನಗಳಲ್ಲಿ ಹುಳಿಯುತ್ತಿತ್ತು. ಹಾಪ್ಸಿನ ಕಹಿಯಾದರೋ ರುಚಿಗಷ್ಟೇ ಅಲ್ಲದೆ ರಕ್ಷಣೆಗೂ ಒದಗಿ ಬಿಯರನ್ನು ತಿಂಗಳುಗಟ್ಟಲೆ ಕಾಪಾಡುತ್ತಿತ್ತು. ರೆಜಿನಾಲ್ಡ್ ಸ್ಕಾಟ್ 1574ರಲ್ಲಿ ಹಾಪ್ಸಿನ ತೋಟಗಾರಿಕೆಯನ್ನು ಕುರಿತು ಬರೆದ ಪುಸ್ತಕದಲ್ಲಿ ಒಂದು ಲೆಕ್ಕ ಕೊಡುತ್ತಾನೆ: ಒಂದು ಬುಷೆಲ್ ಮಾಲ್ಟಿನಿಂದ ಏಲಾದರೆ 8 ಅಥವಾ 9 ಗ್ಯಾಲನ್, ಬಿಯರಾದರೆ 18ರಿಂದ 20 ಗ್ಯಾಲನ್. ಕೆಡದ ಸರಕು, ಇಮ್ಮಡಿಯಾದ ಇಳುವರಿ, ದೂರದ ಪೇಟೆ ಇವು ಮೂರೂ ಕೂಡಿದ ಕಡೆಗೆ ಬಂಡವಾಳ ಬಾರದಿರುವುದುಂಟೆ? ದೊಡ್ಡ ಕೊಪ್ಪರಿಗೆ, ಸಾಲುಸಾಲು ಪೀಪಾಯಿ, ಕೂಲಿಯಾಳು, ಸಾಲದ ವ್ಯವಹಾರ ಇವು ಬೇಕಾದ ಉದ್ಯಮದಲ್ಲಿ, ಸ್ವಂತ ಹೆಸರಿನಲ್ಲಿ ಆಸ್ತಿಯನ್ನೂ ಸಾಲವನ್ನೂ ಪಡೆಯಲಾರದ ಗೃಹಿಣಿಗೆ ಸ್ಥಳವಿಲ್ಲವಾಯಿತು. ಅವಳನ್ನು ಯಾರೂ ದಬ್ಬಿ ಹೊರಹಾಕಲಿಲ್ಲ. ಉದ್ಯಮವು ತಾನೇ ಎದ್ದು ಅವಳ ಅಡುಗೆಮನೆಯಿಂದ ನಡೆದುಹೋಯಿತು.

18ನೆಯ ಶತಮಾನದ ಲಂಡನ್ನಿನಲ್ಲಿ ಅದು ಪೋರ್ಟರ್ ಎಂಬ ಕಡುಕಂದು ಬಿಯರಿನ ರೂಪದಲ್ಲಿ ರಾಕ್ಷಸಾಕಾರವನ್ನು ತಾಳಿತು. ಅಂಥ ಪ್ರಮಾಣದಲ್ಲಿ ಕಣ್ಣಳತೆ ಸಾಲದಾಗಿ ಉಪಕರಣಗಳು ಬಂದುವು. ಮೈಕೇಲ್ ಕೋಂಬ್ರೂನ್ 1758ರಲ್ಲಿ ಉಷ್ಣಮಾಪಕದ ಉಪಯೋಗವನ್ನು ಪ್ರಚುರಪಡಿಸಿದನು. ಜೇಮ್ಸ್ ಬೇವರ್‌ಸ್ಟಾಕ್ ಎಂಬ ತರುಣನು ಅದನ್ನು ತಂದೆಯ ಕಣ್ಣಿಗೆ ಬೀಳದಂತೆ ಬಚ್ಚಿಟ್ಟುಕೊಂಡು ಬಳಸುತ್ತಿದ್ದನೆಂಬ ಕಥೆಯುಂಟು. ದ್ರವದ ಸಾಂದ್ರತೆಯನ್ನು ಅಳೆಯುವ ಹೈಡ್ರೋಮೀಟರನ್ನು ಕುರಿತು ಜಾನ್ ರಿಚರ್ಡ್‌ಸನ್ 1784ರಲ್ಲಿ ಬರೆದ ಮೇಲೆ ಪೋರ್ಟರಿನ ಹಣೆಬರಹವೇ ಬದಲಾಯಿತು. ಅಗ್ಗವೆಂದು ಎಲ್ಲರೂ ಕೊಳ್ಳುತ್ತಿದ್ದ ಕಂದು ಮಾಲ್ಟಿನಿಂದ ಇಳಿಯುವ ಸಕ್ಕರೆ ಬಿಳಿ ಮಾಲ್ಟಿಗಿಂತ ಬಹಳ ಕಡಿಮೆಯೆಂದೂ, ಆದುದರಿಂದ ಅಗ್ಗದ್ದೇ ದುಬಾರಿಯೆಂದೂ ಆ ಬುರುಡೆ ತೋರಿಸಿಕೊಟ್ಟಿತು. ತಯಾರಕರು ಬಿಳಿ ಮಾಲ್ಟಿಗೆ ತಿರುಗಿದರು; ಬಿಯರಿನ ಬಣ್ಣ ತಿಳಿಯಾಗಿ ಗಿರಾಕಿ ಗೊಣಗಿದನು; ಕಡೆಗೆ 1817ರಲ್ಲಿ ಡೇನಿಯಲ್ ವೀಲರನು ಕಾಫಿಬೀಜ ಹುರಿಯುವಂಥ ಉರುಳೆಯಲ್ಲಿ ಮಾಲ್ಟನ್ನು ಕರಿದಾಗಿ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಹಿಡಿಯಷ್ಟು ಕರಿಮಾಲ್ಟು ಬಣ್ಣದ ಕೊರತೆಯನ್ನು ತುಂಬಿತು. ಈಗ ಪೋರ್ಟರಿನ ವಂಶದ ಸ್ಟೌಟ್ ಬಿಯರನ್ನು ಕುಡಿಯುವವರು ನಾಲಗೆಯ ಮೇಲೆ ಕಾಫಿಯ ಕಹಿಯನ್ನು ಗುರುತಿಸಿ ಹಿಗ್ಗುವರಲ್ಲ, ಅದರ ಮೂಲದಲ್ಲಿರುವುದು ಈ ಲೆಕ್ಕಾಚಾರ.

ಗಾತ್ರದ ಮೋಹಕ್ಕೆ ಬೆಲೆ ತೆತ್ತವರು ಬೇರೆ. 1814ರ ಅಕ್ಟೋಬರ್ 17ರಂದು ಲಂಡನ್ನಿನ ಟಾಟನ್‌ಹ್ಯಾಂ ಕೋರ್ಟ್ ರಸ್ತೆಯ ಬಳಿಯ ಕಾರ್ಖಾನೆಯೊಂದರಲ್ಲಿ 22 ಅಡಿ ಎತ್ತರದ ಪೋರ್ಟರಿನ ಮರದ ತೊಟ್ಟಿಯ ಕಬ್ಬಿಣದ ಪಟ್ಟಿ ಕಳಚಿ, ತೊಟ್ಟಿ ಸಿಡಿದು, ಗೋಡೆಯನ್ನು ಕೆಡವಿಕೊಂಡು ಹೊರನುಗ್ಗಿದ ಬಿಯರಿನ ಪ್ರವಾಹವು ಹಿಂದಿನ ಓಣಿಯ ಬಡವರ ಮನೆಗಳನ್ನು ಹೊಕ್ಕಿತು. ಸತ್ತವರು ಎಂಟು ಮಂದಿ. ಅವರಲ್ಲಿ ಕೆಲವರು ಮಗುವೊಂದರ ಶವದ ಬಳಿ ಜಾಗರಣೆಗೆ ಕೂಡಿದ್ದವರು. ಆಕಸ್ಮಿಕವೆಂದು ತೀರ್ಪಾಯಿತು. ಹರಿದುಹೋದ ಬಿಯರಿನ ಮೇಲೆ ಮುಂಚೆಯೇ ಕಟ್ಟಿದ್ದ ಸುಂಕವನ್ನು ಪಾರ್ಲಿಮೆಂಟು ಮಾಲೀಕರಿಗೆ ಹಿಂತಿರುಗಿಸಿತು.

ಮಿಕ್ಕ ಕೆಲಸವನ್ನು ವಿಜ್ಞಾನ ಪೂರೈಸಿತು. ಲೂಯಿ ಪ್ಯಾಸ್ಚರನು 1871ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಕಾರ್ಖಾನೆಗೆ ಹೋಗಿ ಅವರ ಯೀಸ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರಲ್ಲಿದ್ದ ದೋಷವನ್ನು ತೋರಿಸಿದನು. 1876ರಲ್ಲಿ ಬಿಯರನ್ನು ಕುರಿತ ಅವನ ಮಹಾಗ್ರಂಥ ಹೊರಬಂದಿತು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಕಣದಿಂದ ಶುದ್ಧ ಯೀಸ್ಟನ್ನು ಬೆಳೆಸಿದನು. ರುಚಿಗಳನ್ನು, ಬೆಳೆಗಳನ್ನು ಹೋಲಿಸುವ ಕಾರ್ಯವೂ ಗಣಿತಕ್ಕೆ ಒಳಪಟ್ಟಿತು: 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಸಂಸ್ಥೆಯನ್ನು ಸೇರಿದ ವಿಲಿಯಂ ಗಾಸೆಟ್, ಕೆಲವೇ ಮಾದರಿಗಳಿಂದ ನಂಬಬಹುದಾದ ತೀರ್ಮಾನಕ್ಕೆ ಬರುವುದೆಂತು ಎಂಬ ಪ್ರಶ್ನೆಗೆ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಕೊಟ್ಟ ಉತ್ತರವನ್ನು ಇಂದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದುತ್ತಾರೆ, ಅವರಲ್ಲಿ ಎಷ್ಟು ಮಂದಿಗೆ ಅದರ ಹಿಂದಿನ ಜವೆಗೋಧಿಯ ವಾಸನೆ ತಾಗುವುದೋ ಕಾಣೆ.

ಇತ್ತ ಮನೆಯ ಹಂಡೆ ತಣ್ಣಗಾಗುತ್ತ ಬಂದಿತು. ವಿಲಿಯಂ ಕಾಬೆಟ್ 1821ರಿಂದ ಪ್ರಕಟಿಸತೊಡಗಿದ ಗುಡಿಸಲಿನ ಅರ್ಥಶಾಸ್ತ್ರದ ಹೊತ್ತಗೆಯಲ್ಲಿ, ಕೂಲಿಗಾರನು ಮನೆಯ ಬಿಯರನ್ನು ಬಿಟ್ಟು ಚಹದ ದಾಸನಾದನೆಂದೂ, ಅದಕ್ಕೆ ಮಾಲ್ಟಿನ ಮೇಲಣ ತೆರಿಗೆಯೇ ಕಾರಣವೆಂದೂ ಕೆಂಡ ಕಾರಿದನು. ಆ ತೆರಿಗೆಯನ್ನು ಗ್ಲಾಡ್‌ಸ್ಟನ್ 1880ರಲ್ಲಿ ತೆಗೆದುಹಾಕಿ ಸಿದ್ಧವಾದ ಬಿಯರಿನ ಮೇಲೆಯೇ ಸುಂಕ ಹಾಕಿದನು. ಆದರೆ ಹೊಸ ವ್ಯವಸ್ಥೆಯಲ್ಲಿ ಮನೆಯ ಬಳಕೆಗೆ ಬಿಯರ್ ಮಾಡುವವನೂ ಪರವಾನಗಿ ಪಡೆಯಬೇಕಾಯಿತು. ಎಂಬತ್ತಕ್ಕೂ ಹೆಚ್ಚು ವರ್ಷ ಈ ನಿಯಮ ಜಾರಿಯಲ್ಲಿದ್ದು, 1963ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ತಮ್ಮ ಆಯವ್ಯಯದಲ್ಲಿ ಅದನ್ನು ರದ್ದುಮಾಡಿದರು. ಮಾರದಿದ್ದರೆ ಸರಿ, ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು ಎಂದಾಯಿತು.

ಈ ಸಣ್ಣ ಸಡಿಲಿಕೆಯ ಫಲ ಅಟ್ಲಾಂಟಿಕ್ ಸಾಗರದ ಆಚೆಗೆ ಬೆಳೆದುದು ಇತಿಹಾಸದ ವಿನೋದಗಳಲ್ಲಿ ಒಂದು. ಸ್ಕಾಟ್ಲೆಂಡಿನ ಹೋಲಿ ಲಾಕ್ ನೆಲೆಯಲ್ಲಿ ಅಮೆರಿಕದ ನೌಕಾಪಡೆಯ ಸೇವೆಯಲ್ಲಿದ್ದ ಜ್ಯಾಕ್ ಮೆಕಾಲಿಫ್ ಅಲ್ಲಿಯ ಅಂಗಡಿಗಳಲ್ಲಿ ಆಗ ಬಹಿರಂಗವಾಗಿ ದೊರೆಯುತ್ತಿದ್ದ ಸರಂಜಾಮನ್ನು ಕೊಂಡು ಬಿಯರ್ ಮಾಡಲು ಕಲಿತನು. ಅವನ ಸ್ವದೇಶದಲ್ಲಿ 1920ರಿಂದ 1933ರವರೆಗಿನ ಪಾನನಿರೋಧವು ತೊಲಗಿದಾಗ ಮನೆಯಲ್ಲಿ ದ್ರಾಕ್ಷಾರಸ ಮಾಡಿಕೊಳ್ಳಲು ಅನುಮತಿ ದೊರೆತಿತ್ತೇ ಹೊರತು ಬಿಯರಿಗೆ ದೊರೆತಿರಲಿಲ್ಲ. ಹಿಂತಿರುಗಿದ ಮೆಕಾಲಿಫ್ 1976ರಲ್ಲಿ ಕ್ಯಾಲಿಫೋರ್ನಿಯದ ಸೊನೋಮದಲ್ಲಿ, ಹಾಲಿನ ಡೈರಿಯ ಹಳೆಯ ಪಾತ್ರೆಗಳನ್ನು ಒಗ್ಗಿಸಿಕೊಂಡು, ನ್ಯೂ ಆಲ್ಬಿಯನ್ ಎಂಬ ಪುಟ್ಟ ಕಾರ್ಖಾನೆಯನ್ನು ತೆರೆದನು. ಅದು 1982ರಲ್ಲಿ ಮುಚ್ಚಿದರೂ ಮಾದರಿ ಉಳಿಯಿತು. ಅಧ್ಯಕ್ಷ ಕಾರ್ಟರ್ 1978ರ ಅಕ್ಟೋಬರ್ 14ರಂದು ಸಹಿ ಹಾಕಿದ ಕಾಯಿದೆಯಿಂದ ಮನೆಯ ಬಿಯರಿಗೆ, ವಯಸ್ಕನೊಬ್ಬನಿಗೆ ವರ್ಷಕ್ಕೆ 100 ಗ್ಯಾಲನ್, ಮನೆಯೊಂದಕ್ಕೆ 200 ಗ್ಯಾಲನ್‌ಗಳ ಮಿತಿಯಲ್ಲಿ, ಸುಂಕದ ವಿನಾಯಿತಿ ದೊರೆಯಿತು. ಅದೇ ವರ್ಷ ಚಾರ್ಲಿ ಪಪಾಜಿಯನ್ ಎಂಬ ಶಾಲಾಶಿಕ್ಷಕ ಕೊಲೊರಾಡೊದ ಬೋಲ್ಡರಿನಲ್ಲಿ ಮನೆಬಿಯರಿನವರ ಸಂಘವನ್ನು ಹುಟ್ಟುಹಾಕಿದನು. ಮನೆಬಿಯರಿನ ಸಾಮಗ್ರಿಯ ಅಂಗಡಿ ನಡೆಸುತ್ತಿದ್ದ ಕೆನ್ ಗ್ರಾಸ್‌ಮನ್ 1980ರಲ್ಲಿ ಸಿಯರ‍್ರಾ ನೆವಾಡ ಕಾರ್ಖಾನೆಯ ಪೇಲ್ ಏಲನ್ನು ತಯಾರಿಸಿ, 1972ರಲ್ಲಷ್ಟೇ ಬಿಡುಗಡೆಯಾಗಿದ್ದ ಕ್ಯಾಸ್ಕೇಡ್ ಹಾಪ್ಸಿನ, ಚಕ್ಕೋತದ ಸಿಪ್ಪೆಯನ್ನು ಮುರಿದಾಗ ಹೊಮ್ಮುವಂಥ ಪರಿಮಳವನ್ನು ಜನರಿಗೆ ಪರಿಚಯಿಸಿದನು.

ಹೀಗೆ ಹಂಡೆ ಮನೆಗೆ ಮರಳಿತು. ಆದರೆ ಹೊರಟುಹೋದದ್ದೇ ಮರಳಿತೆಂದು ನಾನು ಒಪ್ಪಲಾರೆ. ಮಧ್ಯಯುಗದ ಗೃಹಿಣಿಗೆ ತನ್ನ ಏಲನ್ನು ಇನ್ನೊಂದರೊಡನೆ ಹೋಲಿಸುವ ವ್ಯವಧಾನವಿರಲಿಲ್ಲ, ಹೋಲಿಸುವ ಕೆಲಸ ಸರ್ಕಾರದ್ದು. ಇಂದಿನ ಗೃಹಸ್ಥನಾದರೋ ಹೋಲಿಸುವುದಕ್ಕಾಗಿಯೇ ಮಾಡುತ್ತಾನೆ. ಅವನ ಅಡುಗೆಮನೆಯಲ್ಲಿ ಕೋಂಬ್ರೂನನ ಉಷ್ಣಮಾಪಕವೂ, ಹ್ಯಾನ್ಸನ್ನನ ಶುದ್ಧ ಯೀಸ್ಟಿನ ಪೊಟ್ಟಣವೂ ಇವೆ. ಕುದಿಸಿ ಆರಿಸಿದ ಸಿಹಿನೀರನ್ನು ಗಾಜಿನ ನಳಿಗೆಯಲ್ಲಿ ತುಂಬಿ ಹೈಡ್ರೋಮೀಟರನ್ನು ಇಳಿಬಿಟ್ಟರೆ ಅದು ಒಂದೆರಡು ಸಲ ತೂಗಾಡಿ 1.050ರ ಗೆರೆಯಲ್ಲಿ ನಿಲ್ಲುತ್ತದೆ. ಯೀಸ್ಟು ಸಕ್ಕರೆಯನ್ನು ತಿಂದು ಮುಗಿಸಿದ ಮೇಲೆ ಅದೇ ಬುರುಡೆ ಆಳಕ್ಕೆ ಮುಳುಗಿ 1.010 ಎನ್ನುತ್ತದೆ, ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಮದ್ಯಸಾರ ನೂರಕ್ಕೆ ಐದಕ್ಕಿಂತ ತುಸು ಹೆಚ್ಚೆಂದು ತಿಳಿಯುತ್ತದೆ. ಟ್ರೆಂಟ್ ನದಿಯ ದಡದ ಬರ್ಟನ್ ಪಟ್ಟಣದ ಏಲಿನ ಚುರುಕಾದ ಕಹಿಗೆ ಅಲ್ಲಿಯ ಬಾವಿಗಳಲ್ಲಿನ ಜಿಪ್ಸಮ್ ಕಾರಣವೆಂದು ರಸಾಯನಜ್ಞರು ಕಂಡುಹಿಡಿದುದರಿಂದ, ಅವನು ತನ್ನ ನಲ್ಲಿಯ ನೀರಿಗೆ ಚಿಟಿಕೆ ಜಿಪ್ಸಮ್ ಬೆರೆಸಿ ಬರ್ಟನ್ನನ್ನು ಮನೆಗೇ ಬರಮಾಡಿಕೊಳ್ಳುತ್ತಾನೆ. ಕೆಲಸ ಸಾಗಿತೋ ಇಲ್ಲವೋ ಎಂದು ತಿಳಿಯಲು ಗೆಳೆಯರನ್ನು ಕರೆದು ಮೂರು ಲೋಟಗಳನ್ನು ಮುಂದಿಡುತ್ತಾನೆ, ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆಯದು. ಬೇರೆಯದನ್ನು ಗುರುತಿಸಲಾಗದಿದ್ದರೆ, ಎಷ್ಟೇ ವರ್ಣಿಸಿದರೂ, ಆ ಎರಡು ಬಿಯರುಗಳ ನಡುವೆ ಆ ನಾಲಗೆಗೆ ಭೇದವಿಲ್ಲ. ಪಂದ್ಯಗಳಲ್ಲಿ ತೀರ್ಪುಗಾರರು ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಸ್ಪರ್ಶಕ್ಕೆ 5, ಒಟ್ಟು ಪರಿಣಾಮಕ್ಕೆ 10 ಎಂದು 50 ಅಂಕಗಳನ್ನು ಹಂಚಿ ಕೊಡುವುದನ್ನು ನೋಡಿದರೆ, ಹಳೆಯ ಏಲ್ ಪರೀಕ್ಷಕನೇ ಸಂಬಳವಿಲ್ಲದೆ ಮತ್ತೆ ಅವತರಿಸಿದಂತಿದೆ. ಅಂಕಗಳ ಈ ಶಿಸ್ತಿನಲ್ಲಿ ಸುಖ ತುಸು ಸೊರಗುತ್ತದೆಂಬುದು ನನ್ನ ಅಭಿಪ್ರಾಯ. ಕಣ್ಣುಮುಚ್ಚಿ ಹೋಲಿಸದೆ ಹೊಗಳುವ ಚಾಪಲ್ಯಕ್ಕಿಂತ ಆ ಶಿಸ್ತು ಮೇಲೆಂಬುದನ್ನೂ ಒಪ್ಪಬೇಕು.

ನಮ್ಮ ನಾಡಿಗೆ ಈ ಕಥೆಯ ಎರಡು ಎಳೆಗಳು ಮುಟ್ಟಿವೆ. ಕಂಪನಿ ಸರ್ಕಾರದ ಕಾಲದಲ್ಲಿ ಲಂಡನ್ನಿನ ಬೋ ಎಂಬಲ್ಲಿಯ ಹಾಡ್ಜ್‌ಸನ್ನನ ಪೇಲ್ ಏಲ್, ಅನಂತರ 1822ರಿಂದ ಬರ್ಟನ್ನಿನ ಆಲ್ಸಪ್ಪನ ಪೇಲ್ ಏಲ್, ಆಫ್ರಿಕದ ತುದಿಯನ್ನು ಬಳಸಿ, ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ತಿಂಗಳುಗಟ್ಟಲೆ ಹಡಗಿನಲ್ಲಿ ಕುಲುಕಾಡಿ ಇಲ್ಲಿಯ ಆಂಗ್ಲರಿಗಾಗಿ ಬರುತ್ತಿತ್ತು. ಇಂಡಿಯಾ ಪೇಲ್ ಏಲ್ ಎಂಬ ಆ ಹೆಸರನ್ನೇ ಕ್ಯಾಲಿಫೋರ್ನಿಯದ ಹಾಪ್ಸಿನ ಮೋಹಿಗಳು ಪುನರುಜ್ಜೀವನಗೊಳಿಸಿ ಈಗ ಬೆಂಗಳೂರಿಗೆ ಕಳಿಸಿದ್ದಾರೆ. ಇಂದಿರಾನಗರ, ಕೋರಮಂಗಲಗಳ ಬ್ರೂಪಬ್ಬುಗಳಲ್ಲಿ ಗಾಜಿನ ಗೋಡೆಯ ಆಚೆ ಹೊಳೆಯುವ ಉಕ್ಕಿನ ಹಂಡೆಗಳನ್ನು ನೋಡುತ್ತ, ನಾಲ್ಕಾರು ಪುಟ್ಟ ಲೋಟಗಳ ತಟ್ಟೆಯನ್ನು ಮುಂದಿಟ್ಟುಕೊಂಡು, ಗೋಧಿಯ ಬಿಯರು ಮೇಲೋ ಸ್ಟೌಟು ಮೇಲೋ ಎಂದು ತರುಣರು ವಾದಿಸುತ್ತಾರೆ. ಅವರಲ್ಲೊಬ್ಬನು ಅದೇ ಮಾಲ್ಟನ್ನು ತಂದು ತನ್ನ ಅಡುಗೆಮನೆಯಲ್ಲಿ ಕಾಸಿ ಹುದುಗಿಸಿದರೆ 1965ರ ಕರ್ನಾಟಕ ಅಬಕಾರಿ ಕಾಯಿದೆಯ ದೃಷ್ಟಿಯಲ್ಲಿ ಪರವಾನಗಿಯಿಲ್ಲದ ತಯಾರಕನಾಗುತ್ತಾನೆ. 1962ರಲ್ಲಿ ಲಂಡನ್ನಿನ ಗೃಹಸ್ಥನೂ, ಪರವಾನಗಿ ಪಡೆಯದಿದ್ದರೆ, ಇದೇ ಅವಸ್ಥೆಯಲ್ಲಿದ್ದನು.