200 ಮೆಗಾಪಿಕ್ಸೆಲ್, 100 ಪಟ್ಟು ಜೂಮ್: ಫೋನ್ ಕ್ಯಾಮೆರಾದ ಜಾಹೀರಾತಿನಲ್ಲಿ ನಿಜವೆಷ್ಟು?

‘200 ಮೆಗಾಪಿಕ್ಸೆಲ್ ಬಂದ ಮೇಲೆ ದೊಡ್ಡ ಕ್ಯಾಮೆರಾ ಯಾರಿಗೆ ಬೇಕು?’, ‘ಈ ಫೋನಿನಲ್ಲಿ ಜೂಮ್ ಮಾಡಿದರೆ ಚಂದ್ರನ ಕುಳಿಗಳೂ ಕಾಣುತ್ತವೆ, ಎಲ್ಲರಿಗೂ ಶೇರ್ ಮಾಡಿ’. ಹೊಸ ಫೋನ್ ಮಾರುಕಟ್ಟೆಗೆ ಬಂದಾಗಲೆಲ್ಲ ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಇವುಗಳಲ್ಲಿ ನಿಜ ಎಷ್ಟು?

ಮೊದಲೇ ಹೇಳಿಬಿಡುತ್ತೇವೆ: ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಗಳು ಬಹುತೇಕ ಸುಳ್ಳಲ್ಲ. ಆದರೆ ಫೋಟೊ ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದನ್ನು ಆ ಸಂಖ್ಯೆಗಳು ಹೇಳುವುದಿಲ್ಲ. ಅದನ್ನು ತೀರ್ಮಾನಿಸುವುದು ಕ್ಯಾಮೆರಾದೊಳಗೆ ಹೋಗುವ ಬೆಳಕು, ಮತ್ತು ಈಚೆಗೆ ಬೆಳಕು ಸಾಲದಾದಾಗ ಅದರ ಜಾಗ ತುಂಬುವ ಸಾಫ್ಟ್‌ವೇರ್.

ಉದಾಹರಣೆಗೆ ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಸಿಗುವ ಆಲಂಕಾರನ್ನೇ ತೆಗೆದುಕೊಳ್ಳೋಣ. ಜಾಹೀರಾತಿನ ಫೋಟೊಗಳಲ್ಲಿ ಒಳ್ಳೆಯ ಬಿಸಿಲು ಇರುತ್ತದೆ, ಇಲ್ಲವೇ ದೀಪ ಝಗಮಗಿಸುವ ಪೇಟೆ ಇರುತ್ತದೆ. ಆಲಂಕಾರಿನಂಥ ಊರಿನಲ್ಲಿ ಫೋನ್ ಹೊರಬರುವುದು ಅಡಿಕೆ ತೋಟದ ನೆರಳಲ್ಲಿ, ಆಟಿ ತಿಂಗಳ ಮೋಡ ಕವಿದ ಹಗಲಿನಲ್ಲಿ, ರಾತ್ರಿ ನಡೆಯುವ ಯಕ್ಷಗಾನ, ನೇಮಗಳಲ್ಲಿ. ಅಂದರೆ ಬೆಳಕು ಕಡಿಮೆ ಇರುವ ಕಡೆ. ಕ್ಯಾಮೆರಾದ ನಿಜವಾದ ಪರೀಕ್ಷೆ ನಡೆಯುವುದೂ ಅಲ್ಲಿಯೇ.

200 ಮೆಗಾಪಿಕ್ಸೆಲ್ ಎಲ್ಲಿಗೆ ಹೋಗುತ್ತದೆ?

ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಪಿಕ್ಸೆಲ್. 200 ಮೆಗಾಪಿಕ್ಸೆಲ್ ಎಂದರೆ 20 ಕೋಟಿ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್23 ಅಲ್ಟ್ರಾದ ಸೆನ್ಸರ್‌ನಲ್ಲಿ ನಿಜಕ್ಕೂ ಅಷ್ಟು ಪಿಕ್ಸೆಲ್‌ಗಳಿವೆ. ಉಗುರಿನಷ್ಟು ಅಗಲದ ಜಾಗದಲ್ಲಿ ಅಷ್ಟನ್ನೂ ತುಂಬಬೇಕಾದ್ದರಿಂದ ಒಂದೊಂದರ ಅಗಲ 0.6 ಮೈಕ್ರಾನ್‌ಗೆ ಇಳಿದಿದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಕೆಂಪು ಬೆಳಕಿನ ಅಲೆಯ ಉದ್ದವೇ ಸುಮಾರು 0.65 ಮೈಕ್ರಾನ್. ಹಾಗಾಗಿ ಈ ಪಿಕ್ಸೆಲ್ ಬೆಳಕಿನ ಅಲೆಗಿಂತಲೂ ಚಿಕ್ಕದು!

ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಬೆಳಕಿನ ಒಂದು ಬಿಂದುವನ್ನು ಬಿಂದುವಾಗಿಯೇ ಸೆನ್ಸರ್ ಮೇಲೆ ಇಳಿಸಲಾರದು. ಅದು ಚಿಕ್ಕದೊಂದು ವೃತ್ತವಾಗಿ ಹರಡುತ್ತದೆ. ಆ ಫೋನಿನ ಮುಖ್ಯ ಲೆನ್ಸ್‌ನ ಅಳತೆ ಎಫ್ 1.7. ಅದಕ್ಕೆ ಲೆಕ್ಕ ಹಾಕಿದರೆ ಹಸಿರು ಬೆಳಕಿನ ವೃತ್ತ ಸುಮಾರು 2.3 ಮೈಕ್ರಾನ್ ಅಗಲವಾಗುತ್ತದೆ. ಅಂದರೆ ಲೆನ್ಸ್ ಬಿಡಿಸಿ ತೋರಿಸಬಲ್ಲ ಒಂದೇ ಚುಕ್ಕೆ ಹೆಚ್ಚುಕಡಿಮೆ ನಾಲ್ಕು ಪಿಕ್ಸೆಲ್‌ಗಳ ಉದ್ದಕ್ಕೂ ಚಾಚಿಕೊಳ್ಳುತ್ತದೆ.

ಕಂಪನಿಗಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಅದಕ್ಕೇ ಆ ಫೋನ್ ಸಾಮಾನ್ಯ ಬಳಕೆಯಲ್ಲಿ ಅಕ್ಕಪಕ್ಕದ ಹದಿನಾರು ಪಿಕ್ಸೆಲ್‌ಗಳನ್ನು ಸೇರಿಸಿ ಒಂದೆಂದು ಎಣಿಸುತ್ತದೆ. 200ನ್ನು 16ರಿಂದ ಭಾಗಿಸಿ: ನಿಮ್ಮ ಕೈಗೆ ಬರುವುದು ಸುಮಾರು 12 ಮೆಗಾಪಿಕ್ಸೆಲ್ ಫೋಟೊ. 2020ರ ಗ್ಯಾಲಕ್ಸಿ ಎಸ್20 ಅಲ್ಟ್ರಾದ 108 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂಬತ್ತಕ್ಕೆ ಒಂದು, ಅಲ್ಲಿಯೂ 12. ನಮ್ಮಲ್ಲಿ 2019ರಲ್ಲಿ ಬಂದ ರೆಡ್ಮಿ ನೋಟ್ 7 ಪ್ರೋದ 48 ಮೆಗಾಪಿಕ್ಸೆಲ್‌ನಲ್ಲಿ ನಾಲ್ಕಕ್ಕೆ ಒಂದು, ಮತ್ತೆ 12. ಜಾಹೀರಾತಿನ ಸಂಖ್ಯೆ ನಾಲ್ಕು ಪಟ್ಟಾಯಿತು, ಫೋಟೊದ ಅಳತೆ ಇದ್ದಲ್ಲೇ ಇದೆ.

ಇದು ಮೋಸವೇ? ನಮ್ಮ ಪ್ರಕಾರ ತಂತ್ರಜ್ಞಾನವಾಗಿ ಅಲ್ಲ, ಮಾರಾಟದ ಮಾತಾಗಿ ಅರ್ಧ ಹೌದು. ಹದಿನಾರನ್ನು ಸೇರಿಸಿದಾಗ ಕಡಿಮೆ ಬೆಳಕಿನಲ್ಲಿ ಕಾಳುಕಾಳಾಗಿ ಕಾಣುವ ಗದ್ದಲ ತಗ್ಗುತ್ತದೆ. ಒಳ್ಳೆಯ ಬಿಸಿಲಿದ್ದರೆ ಸೆಟ್ಟಿಂಗ್‌ನಲ್ಲಿ ಪೂರ್ತಿ 200 ಮೆಗಾಪಿಕ್ಸೆಲ್ ಆರಿಸಿ ತೆಗೆಯಲೂಬಹುದು; ಆಮೇಲೆ ಒಂದು ಮೂಲೆಯನ್ನು ಕತ್ತರಿಸಿ ದೊಡ್ಡದು ಮಾಡಿದರೆ ಸ್ವಲ್ಪ ಹೆಚ್ಚು ವಿವರ ಸಿಗುತ್ತದೆ. ತೋಟದ ನೆರಳಲ್ಲಿ ಆ ಲಾಭ ಇರುವುದಿಲ್ಲ.

ಮಳೆಗಾಲದಲ್ಲಿ ಮಾಡಿನ ಕೆಳಗೆ ನೀರು ಹಿಡಿಯುವುದನ್ನು ನೆನಪಿಸಿಕೊಳ್ಳಿ. ಬಾಯಿ ಅಗಲವಿರುವ ಹಂಡೆ ಇಟ್ಟರೆ ಎಷ್ಟು ನೀರು ಸಿಗುತ್ತದೆ ಎಂಬುದು ಆ ಅಗಲವನ್ನು ಅವಲಂಬಿಸಿದೆ. ಅದೇ ಜಾಗದಲ್ಲಿ ಇನ್ನೂರು ಪುಟ್ಟ ಲೋಟ ಇಟ್ಟರೆ ಮಳೆ ಹೆಚ್ಚಾಗುವುದಿಲ್ಲ. ಪಿಕ್ಸೆಲ್ ಎಂಬುದು ಲೋಟ, ಸೆನ್ಸರ್ ಎಂಬುದು ಹಂಡೆಯ ಬಾಯಿ. ಮೇಲೆ ಹೇಳಿದ 48 ಮೆಗಾಪಿಕ್ಸೆಲ್ ಸೆನ್ಸರ್‌ನ ಅಳತೆ ಸುಮಾರು 6.4 ಮಿ.ಮೀ. ಉದ್ದ, 4.8 ಮಿ.ಮೀ. ಅಗಲ. ಮದುವೆ ಮನೆಯ ಫೋಟೊಗ್ರಾಫರ್ ಹಿಡಿಯುವ ಫುಲ್ ಫ್ರೇಮ್ ಕ್ಯಾಮೆರಾದ್ದು 36 ಮಿ.ಮೀ., 24 ಮಿ.ಮೀ. ವಿಸ್ತೀರ್ಣದಲ್ಲಿ ಸುಮಾರು 28 ಪಟ್ಟು ದೊಡ್ಡದು. ಆ ಕ್ಯಾಮೆರಾ 24 ಮೆಗಾಪಿಕ್ಸೆಲ್ ಆಗಿದ್ದರೂ ಸಂಜೆಯ ಬೆಳಕಿನಲ್ಲಿ ಯಾಕೆ ಗೆಲ್ಲುತ್ತದೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅಂದ ಹಾಗೆ, ದುಬಾರಿ ಫೋನ್‌ಗಳ ‘ಒಂದು ಇಂಚಿನ ಸೆನ್ಸರ್’ ಕೂಡ ಒಂದು ಇಂಚು ಇರುವುದಿಲ್ಲ. ಅದು ಮೂಲೆಯಿಂದ ಮೂಲೆಗೆ ಸುಮಾರು 16 ಮಿ.ಮೀ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ಹೊರ ಅಳತೆಯನ್ನು ಹೇಳುತ್ತಿದ್ದ ರೂಢಿ ಹಾಗೇ ಉಳಿದುಕೊಂಡಿದೆ.

ವಾಟ್ಸಾಪ್‌ನಲ್ಲಿ ಕಳಿಸಿದರೆ?

ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ವಾಟ್ಸಾಪ್ ಫೋಟೊದ ಉದ್ದವನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಅದು ಸುಮಾರು 2 ಮೆಗಾಪಿಕ್ಸೆಲ್. 2023ರ ಆಗಸ್ಟ್‌ನಲ್ಲಿ ಬಂದ ಎಚ್‌ಡಿ ಆಯ್ಕೆ ಒತ್ತಿದರೆ ಇನ್ನಷ್ಟು ಉಳಿಯುತ್ತದೆ, ಆದರೂ ಪೂರ್ತಿ ಅಲ್ಲ. ‘ನೋಡಿ, 200 ಮೆಗಾಪಿಕ್ಸೆಲ್ ಫೋಟೊ ಹೇಗಿದೆ’ ಎಂದು ಬರುವ ಫಾರ್ವರ್ಡ್‌ನಲ್ಲಿ ನೀವು ನೋಡುತ್ತಿರುವುದು ನೂರರಲ್ಲಿ ಒಂದು ಭಾಗವನ್ನು. ಯಾವ ಫೋನಿನಲ್ಲಿ ತೆಗೆದದ್ದು ಎಂಬ ಮಾಹಿತಿಯೂ ಹೀಗೆ ಕಳಿಸುವಾಗ ಅಳಿಸಿಹೋಗಿರುತ್ತದೆ. ಹಾಗಾಗಿ ಇಂಥ ಫೋಟೊವನ್ನು ಯಾವುದೇ ಫೋನಿನ ಹೆಸರಿಗೆ ಜೋಡಿಸಬಹುದು.

ಚಂದ್ರನ ಫೋಟೊದ ಕಥೆ

ಭೂಮಿಯಿಂದ ನೋಡಿದರೆ ಚಂದ್ರ ಅರ್ಧ ಡಿಗ್ರಿಯಷ್ಟು ಅಗಲ ಕಾಣುತ್ತಾನೆ. ಫೋನಿನ ಮುಖ್ಯ ಕ್ಯಾಮೆರಾದ 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಅದು ಇಪ್ಪತ್ತು, ಇಪ್ಪತ್ತೈದು ಪಿಕ್ಸೆಲ್‌ಗಳ ಒಂದು ಬಿಳಿ ಚುಕ್ಕೆ. 10 ಪಟ್ಟು ಹತ್ತಿರ ತರುವ ಲೆನ್ಸ್ ಇದ್ದರೆ ಸುಮಾರು 200 ಪಿಕ್ಸೆಲ್ ಅಗಲವಾಗುತ್ತದೆ. ಅದಕ್ಕಿಂತ ಮುಂದೆ, ಅಂದರೆ ‘100 ಪಟ್ಟು’ ಎಂಬ ಹೆಚ್ಚಿನ ಭಾಗ, ಇದ್ದದ್ದನ್ನೇ ಕತ್ತರಿಸಿ ಹಿಗ್ಗಿಸುವುದು. ಲೆನ್ಸ್‌ನಿಂದ ಆಗುವ ಜೂಮ್ ಮತ್ತು ಹಿಗ್ಗಿಸುವ ಜೂಮ್ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಹೇಳುವುದು ಈ ವ್ಯಾಪಾರದ ಹಳೆಯ ಜಾಣತನ.

2023ರ ಮಾರ್ಚ್‌ನಲ್ಲಿ ರೆಡ್ಡಿಟ್‌ನಲ್ಲಿ ಒಬ್ಬರು ಸರಳವಾದ ಪ್ರಯೋಗ ಮಾಡಿ ತೋರಿಸಿದರು. ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕು ಮಾಡಿ ಕಂಪ್ಯೂಟರ್ ಪರದೆಯ ಮೇಲೆ ಇಟ್ಟು, ಕೋಣೆ ಕತ್ತಲೆ ಮಾಡಿ, ದೂರ ನಿಂತು ಸ್ಯಾಮ್‌ಸಂಗ್ ಫೋನಿನಲ್ಲಿ ಜೂಮ್ ಮಾಡಿ ತೆಗೆದರು. ಪರದೆಯ ಮೇಲೆ ಇಲ್ಲದ ಕುಳಿಗಳು, ಕಲೆಗಳು ಫೋಟೊದಲ್ಲಿ ಮೂಡಿದ್ದವು! ಆಮೇಲೆ ಸ್ಯಾಮ್‌ಸಂಗ್ ವಿವರಣೆ ಕೊಟ್ಟಿತು: ಇದು ಚಂದ್ರ ಎಂದು ಎಐ ಗುರುತಿಸಿದರೆ, ಹಲವು ಫೋಟೊಗಳನ್ನು ಒಟ್ಟುಗೂಡಿಸಿದ ಮೇಲೆ ವಿವರಗಳನ್ನು ಎದ್ದು ಕಾಣಿಸುವ ಕೆಲಸ ನಡೆಯುತ್ತದೆ, ಬೇಡವಾದರೆ ‘ಸೀನ್ ಆಪ್ಟಿಮೈಸರ್’ ಆರಿಸಬಹುದು. 2019ರಲ್ಲಿ ಹುವಾವೆ ಪಿ30 ಪ್ರೋ ಮೇಲೂ ಇಂಥದೇ ದೂರು ಎದ್ದಿತ್ತು. ಚಂದ್ರ ಯಾವಾಗಲೂ ನಮಗೆ ಒಂದೇ ಮುಖ ತೋರಿಸುವುದರಿಂದ ಕಲಿಸಿಕೊಡುವುದು ಎಐಗೆ ಸುಲಭ.

2025ರ ಗೂಗಲ್ ಪಿಕ್ಸೆಲ್ 10 ಪ್ರೋದಲ್ಲಿ ಇದು ಮುಚ್ಚುಮರೆಯಿಲ್ಲದೆ ಬಂದಿದೆ. ತುಂಬಾ ದೂರದ ಜೂಮ್‌ನಲ್ಲಿ ಕಾಣದ ವಿವರಗಳನ್ನು ಎಐ ತಾನೇ ಸೃಷ್ಟಿಸಿ ತುಂಬುತ್ತದೆ ಎಂದು ಕಂಪನಿಯೇ ಹೇಳಿಕೊಂಡಿದೆ.

ಚಂದ್ರನ ವಿಷಯದಲ್ಲಿ ಯಾರಿಗೂ ನಷ್ಟವಿಲ್ಲ. ಅಡಿಕೆ ಎಲೆಯ ವಿಷಯದಲ್ಲಿ ಇದೆ. ಎಲೆಚುಕ್ಕೆ ರೋಗ ಬಂದ ಮೇಲೆ ಈ ಭಾಗದ ಕೃಷಿಕರು ಸೋಗೆಯ ಫೋಟೊ ತೆಗೆದು ವಿಟ್ಲ ಅಥವಾ ಕಡಬ ತಾಲ್ಲೂಕಿನಲ್ಲೇ ಇರುವ ಕಿದುವಿನ ಸಿಪಿಸಿಆರ್‌ಐಗೋ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಳಿಸಿ ಕೇಳಬಹುದು. ಅಲ್ಲಿ ನೋಡುವವರಿಗೆ ಬೇಕಾದದ್ದು ಚುಕ್ಕೆಯ ಕಂದು ಬಣ್ಣ, ಸುತ್ತಲಿನ ಹಳದಿ ಅಂಚು. ಎತ್ತರದ ಸೋಗೆಯನ್ನು ನೆಲದಲ್ಲಿ ನಿಂತು 50 ಪಟ್ಟು ಜೂಮ್ ಮಾಡಿದರೆ ಸಾಫ್ಟ್‌ವೇರ್ ಆ ಅಂಚನ್ನು ನುಣುಪು ಮಾಡಿರಬಹುದು, ಇಲ್ಲದ ಗೆರೆಯನ್ನು ಎಳೆದಿರಬಹುದು. ಬಿದ್ದ ಸೋಗೆಯ ಎಲೆಯನ್ನು ಅಂಗಳಕ್ಕೆ ತಂದು, ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ಮುಖ್ಯ ಕ್ಯಾಮೆರಾದಲ್ಲಿ ಒಂದು ಗೇಣು ದೂರದಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಆಗ ಅದು ಕುಗ್ಗುವುದಿಲ್ಲ. ಹಾವು ಯಾವುದು ಎಂದು ಕೇಳಲು ದೂರದಿಂದ ಜೂಮ್ ಮಾಡಿ ತೆಗೆದ ಫೋಟೊಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಹಾವು ಕಚ್ಚಿದ್ದರೆ ಫೋಟೊಕ್ಕಾಗಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು.

ಜಾಹೀರಾತಿನ ಫೋಟೊ ಆ ಫೋನಿನದ್ದೇ?

ಎಲ್ಲ ಸಲವೂ ಅಲ್ಲ. 2012ರಲ್ಲಿ ನೋಕಿಯಾ ಲೂಮಿಯಾ 920ರ ಜಾಹೀರಾತಿನ ವಿಡಿಯೊ ಆ ಫೋನಿನಿಂದ ತೆಗೆದದ್ದಲ್ಲ ಎಂದು ಗೊತ್ತಾಗಿ ಕಂಪನಿ ಕ್ಷಮೆ ಕೇಳಿತು. ಗಾಜಿನಲ್ಲಿ ದೊಡ್ಡ ಕ್ಯಾಮೆರಾ ಹಿಡಿದವರ ಪ್ರತಿಬಿಂಬ ಕಂಡಿತ್ತು. 2016ರಲ್ಲಿ ಹುವಾವೆ ತನ್ನ ಪಿ9 ಪ್ರಚಾರಕ್ಕೆ ಹಾಕಿದ ಫೋಟೊ ಕ್ಯಾನನ್ ಕ್ಯಾಮೆರಾದ್ದು ಎಂಬುದು ಫೋಟೊದೊಳಗಿನ ಮಾಹಿತಿಯಿಂದಲೇ ಬಯಲಾಯಿತು. 2025ರಲ್ಲಿ ನಥಿಂಗ್ ಫೋನ್ 3ರ ಡೆಮೊ ಫೋನ್‌ಗಳಲ್ಲಿ ‘ಇದರಲ್ಲೇ ತೆಗೆದದ್ದು’ ಎಂದು ತೋರಿಸಿದ ಚಿತ್ರಗಳು ಬೇರೆಡೆಯಿಂದ ಹಣ ಕೊಟ್ಟು ಪಡೆದವು ಎಂದು ಹೊರಬಿತ್ತು. ಆದ್ದರಿಂದ ಪುತ್ತೂರಿನ ಅಂಗಡಿಯಲ್ಲಿ ಡೆಮೊ ಫೋನಿನ ಗ್ಯಾಲರಿ ನೋಡಿ ಮರುಳಾಗಬೇಡಿ. ನೀವೇ ಒಂದು ಫೋಟೊ ತೆಗೆಯಿರಿ. ಅಂಗಡಿಯ ಝಗಮಗ ದೀಪದ ಕೆಳಗಲ್ಲ, ಮೇಜಿನ ಅಡಿಯ ನೆರಳಲ್ಲಿ.

ರಾತ್ರಿ ಆಟದ ಫೋಟೊ

ನೈಟ್ ಮೋಡ್ ನಿಜವಾದ ಸಾಧನೆ, ಅದನ್ನು ಅಲ್ಲಗಳೆಯುವಂತಿಲ್ಲ. ಒಂದೆರಡು ಸೆಕೆಂಡಿನಲ್ಲಿ ಹಲವು ಫೋಟೊ ತೆಗೆದು ಒಂದಾಗಿ ಹೆಣೆಯುತ್ತದೆ. ಕತ್ತಲಲ್ಲಿರುವ ಗುಡಿ, ಮರ, ಮನೆಗೆ ಇದು ಸೊಗಸು. ಆದರೆ ಧೀಂಗಿಣ ಹೊಡೆಯುವ ವೇಷಧಾರಿ ಎರಡು ಸೆಕೆಂಡು ನಿಲ್ಲುತ್ತಾರೆಯೇ? ಹಿಂದಿನ ಪರದೆ ಸ್ಪಷ್ಟವಾಗಿ, ವೇಷ ಮಾತ್ರ ನೆರಳಿನಂತೆ ಬರುತ್ತದೆ. ಆಟಕ್ಕೆ ನೈಟ್ ಮೋಡ್ ಆರಿಸಿ, ಪ್ರೋ ಮೋಡ್‌ನಲ್ಲಿ ಶಟರ್ ವೇಗವನ್ನು ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ಇಡಿ. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಈ ವೇಗದಲ್ಲಿ ಅಡ್ಡಪಟ್ಟಿಗಳು ಬರುವುದು ಕಡಿಮೆ.

ಹಿಂಬದಿಯ ನಾಲ್ಕು ಕಣ್ಣುಗಳಲ್ಲಿ 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೊ’, ‘ಡೆಪ್ತ್’ ಎಂದಿದ್ದರೆ ಅವು ಎಣಿಕೆ ತುಂಬಿಸಲು ಇರುವವು. ಕೊಳ್ಳುವಾಗ ಅದರ ಬದಲು ಮುಖ್ಯ ಕ್ಯಾಮೆರಾದಲ್ಲಿ ಒಐಎಸ್ ಇದೆಯೇ ಎಂದು ಕೇಳಿ. ಕೈ ನಡುಗಿದರೂ ಲೆನ್ಸ್ ಅಥವಾ ಸೆನ್ಸರನ್ನು ಅಲುಗಿಸಿ ಸರಿದೂಗಿಸುವ ಯಂತ್ರ ಅದು. ನೆರಳಲ್ಲಿ ಇದರ ಉಪಯೋಗ ಮೆಗಾಪಿಕ್ಸೆಲ್‌ಗಿಂತ ಹೆಚ್ಚು. ಇಂಟರ್ನೆಟ್‌ನಲ್ಲಿ ಸೆನ್ಸರ್ ಅಳತೆಯನ್ನೂ ನೋಡಿ. ಅದನ್ನು ಭಿನ್ನರಾಶಿಯಲ್ಲಿ ಬರೆಯುತ್ತಾರೆ: 1/1.5 ಎಂಬುದು 1/2ಕ್ಕಿಂತ ದೊಡ್ಡದು.

ದೂರು ಕೊಡಬಹುದೇ?

‘200 ಮೆಗಾಪಿಕ್ಸೆಲ್ ಎಂದಿದ್ದರು, 12 ಬಂತು’ ಎಂಬ ದೂರು ನಿಲ್ಲುವುದು ಕಷ್ಟ, ಏಕೆಂದರೆ ಸೆನ್ಸರ್‌ನಲ್ಲಿ ಅಷ್ಟು ಪಿಕ್ಸೆಲ್ ಇವೆ. ಆದರೆ ಇದೆ ಎಂದು ಜಾಹೀರಾತಿನಲ್ಲಿ ಹೇಳಿದ ಒಐಎಸ್ ಅಥವಾ ಲೆನ್ಸ್ ಫೋನಿನಲ್ಲಿ ಇಲ್ಲದಿದ್ದರೆ ವಿಷಯ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕೆ ಇದೆ. ನಿಮ್ಮ ಹಣಕ್ಕಾಗಿ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕಂಪನಿ ಬೇರೆ ಊರಿನದ್ದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಬಿಲ್, ಪೆಟ್ಟಿಗೆ ಮತ್ತು ಕೊಂಡ ದಿನದ ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡಿರಿ. ಕಂಪನಿಯ ಜಾಲತಾಣದಲ್ಲಿ ಸಣ್ಣ ಅಕ್ಷರದ ‘ಷರತ್ತು’ಗಳು ಆಮೇಲೆ ಬದಲಾಗುವುದುಂಟು.