ಗೋಧಿಯ ಬೆಲೆ, ಯುದ್ಧದ ನೆನಪು: ಮ್ಯಾಕಿಂಟಾಷ್ ಕೌಂಟಿಯ ಅಧ್ಯಕ್ಷೀಯ ಮತದಾನ

ಅಮೆರಿಕದ ಉತ್ತರ ಡಕೋಟಾ ರಾಜ್ಯದ ದಕ್ಷಿಣ ಗಡಿಯಲ್ಲಿರುವ ಮ್ಯಾಕಿಂಟಾಷ್ ಕೌಂಟಿಯಲ್ಲಿ (ಕೌಂಟಿ ಎಂದರೆ ರಾಜ್ಯದ ಕೆಳಗಿನ ಆಡಳಿತ ವಿಭಾಗ) 1930ರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯ ವೇಳೆಗೆ ಉಳಿದವರು ಸುಮಾರು 2,500. ಗೋಧಿಯ ಬೆಲೆ ಕುಸಿದಾಗ ರೈತರು ಆಳುವ ಪಕ್ಷದ ಮೇಲೆ ಮುನಿಯುತ್ತಾರೆ ಎಂಬುದು ಇಂಥ ಸೀಮೆಗಳ ಮತದಾನಕ್ಕೆ ವಾಡಿಕೆಯಾಗಿ ಕೊಡುವ ವಿವರಣೆ. ಈ ಕೌಂಟಿಯ ಮಟ್ಟಿಗೆ ಅದು 1932ಕ್ಕೆ ಒಪ್ಪುತ್ತದೆಯೇ ಹೊರತು 1940ಕ್ಕೆ ಒಪ್ಪುವುದಿಲ್ಲ.

ಇಲ್ಲಿ ನೆಲೆಸಿದವರಲ್ಲಿ ಹೆಚ್ಚಿನವರು ಕಪ್ಪು ಸಮುದ್ರದ ತೀರದಿಂದ ಬಂದ, ರಷ್ಯಾದ ಪ್ರಜೆಗಳಾಗಿದ್ದ ಜರ್ಮನ್ ಭಾಷಿಕರು. ಅವರ ಹಿರಿಯರಿಗೆ ರಷ್ಯಾದ ದೊರೆಗಳು ಸೈನ್ಯಸೇವೆಯಿಂದ ವಿನಾಯಿತಿ ಕೊಟ್ಟಿದ್ದರು. 1874ರಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಗೆ ಬಂದು ಆ ಮಾತು ಮುರಿದ ಮೇಲೆ, 160 ಎಕರೆ ಭೂಮಿ ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯಿದೆಯನ್ನು ನಂಬಿ ಹಲವರು ಡಕೋಟಾಕ್ಕೆ ವಲಸೆ ಬಂದರು. ಸೈನ್ಯಸೇವೆಯನ್ನು ಒಲ್ಲದೆ ಊರು ಬಿಟ್ಟವರ ಮಕ್ಕಳನ್ನೇ 1917ರಲ್ಲಿ ಅಮೆರಿಕವು, ಅದೂ ಜರ್ಮನಿಯ ವಿರುದ್ಧ, ಸೈನ್ಯಕ್ಕೆ ಕರೆಯಿತು. ಜರ್ಮನ್ ಮಾತಾಡುವುದೇ ದೇಶದ್ರೋಹದ ಕುರುಹೆಂಬ ಶಂಕೆ ಹಬ್ಬಿತು.

1920ರಲ್ಲಿ ರಿಪಬ್ಲಿಕನ್ ಹಾರ್ಡಿಂಗ್‌ಗೆ ಇಲ್ಲಿ ಬಿದ್ದ ಮತ ಬಹುತೇಕ ಏಕಪಕ್ಷೀಯವಾಗಿದ್ದುದನ್ನು ಯುದ್ಧಕ್ಕಿಳಿದ ಅಧ್ಯಕ್ಷ ವಿಲ್ಸನ್‌ರ ಡೆಮಾಕ್ರಟಿಕ್ ಪಕ್ಷದ ಮೇಲಿನ ರೋಷವೆಂದೇ ಓದಬೇಕು. 1924ರಲ್ಲಿ ಜರ್ಮನ್ ಮೂಲದ ರೈತರು ಮೆಚ್ಚಿದ ಮೂರನೇ ಪಕ್ಷದ ಅಭ್ಯರ್ಥಿ ಲಾ ಫಾಲೆಟ್, ರೈತಪರ ಸುಧಾರಕರಷ್ಟೇ ಅಲ್ಲ, 1917ರಲ್ಲಿ ಯುದ್ಧಘೋಷಣೆಯ ವಿರುದ್ಧ ಮತ ಹಾಕಿದ ಸೆನೆಟರ್ ಕೂಡ ಆಗಿದ್ದರು. 1932ರ ಆರ್ಥಿಕ ಕುಸಿತದಲ್ಲಿ ಕೌಂಟಿ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ ಕಡೆಗೆ ಹೊರಳಿತು. ಆದರೆ ಯೂರೋಪಿನಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಿದ್ದ 1940ರಲ್ಲಿ, ಸರಕಾರದ ಕೃಷಿ ನೆರವು ಇನ್ನೂ ಕೈಸೇರುತ್ತಿದ್ದಾಗಲೇ, ಅದೇ ರೈತರು ಅವರನ್ನು ಕೈಬಿಟ್ಟರು. 1936ಕ್ಕೆ ಹೋಲಿಸಿದರೆ ಆ ವರ್ಷ ರೂಸ್‌ವೆಲ್ಟ್‌ರ ಮತಪ್ರಮಾಣ ಶೇ. 35ಕ್ಕಿಂತ ಹೆಚ್ಚು ಇಳಿದ 20 ಕೌಂಟಿಗಳಲ್ಲಿ 19 ಜರ್ಮನ್ ಮೂಲದವೆಂದು ಚುನಾವಣಾ ವಿಶ್ಲೇಷಕ ಸ್ಯಾಮ್ಯುಯೆಲ್ ಲೂಬೆಲ್ 1952ರ ತಮ್ಮ ಗ್ರಂಥದಲ್ಲಿ ತೋರಿಸಿದರು.

ಒಟ್ಟು ಮತಗಳಿಂದ ಒಬ್ಬೊಬ್ಬ ಮತದಾರನ ಮನಸ್ಸನ್ನು ಊಹಿಸುವುದು ಸಾಮಾನ್ಯವಾಗಿ ಅಪಾಯಕಾರಿ. ಜನಸಮುದಾಯ ಇಷ್ಟು ಏಕರೂಪವಾಗಿರುವಲ್ಲಿ ಆ ಅಪಾಯ ಕಡಿಮೆ. ಇನ್ನೊಂದು ತೊಡಕು ಹಾಗೆ ನೀಗುವಂಥದಲ್ಲ: ಉತ್ತರ ಡಕೋಟಾ 1951ರಲ್ಲಿ ಮತದಾರರ ನೋಂದಣಿಯನ್ನೇ ರದ್ದುಪಡಿಸಿದ್ದರಿಂದ, ನಂತರದ ಚುನಾವಣೆಗಳಲ್ಲಿ ಮತದಾನದ ಪ್ರಮಾಣವನ್ನು ವಯಸ್ಕರ ಜನಸಂಖ್ಯೆಯ ಅಂದಾಜಿನ ಮೇಲೆಯೇ ಲೆಕ್ಕಹಾಕಬೇಕಾಗುತ್ತದೆ.