ಹಿಂದಿನ ಸೀಟಿನ ಬೆಲ್ಟು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ರಾಜಾಜಿನಗರದ ಶಾಲೆಯಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದವನು. ಈಗ ಅವನ ತಲೆಯೂ ಬೆಳ್ಳಗಾಗಿದೆ. ಕೆಂಗೇರಿಯ ಬಳಿ ಪೊಲೀಸರು ಅವನ ಕಾರನ್ನು ನಿಲ್ಲಿಸಿ, ಹಿಂದೆ ಕುಳಿತಿದ್ದ ತಾಯಿ ಸೀಟ್ ಬೆಲ್ಟ್ ಹಾಕಿರಲಿಲ್ಲವೆಂದು ದಂಡ ಹಾಕಿದರಂತೆ. "ಹಿಂದೆ ಕೂತವರಿಗೂ ಬೆಲ್ಟು ಅನ್ನೋ ಕಾನೂನು ಯಾವಾಗ ಬಂತು ಸಾರ್? ಹೇಳದೆ ಕೇಳದೆ ದಿನಕ್ಕೊಂದು ಮಾಡ್ತಾರೆ" ಎಂದು ಬೇಸರಪಟ್ಟುಕೊಂಡ. ಅವನಿಗೆ ಆಗ ಅರ್ಧ ಉತ್ತರವನ್ನಷ್ಟೇ ಕೊಟ್ಟೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದ ಎಪ್ಪತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿದ್ದದ್ದು ಎರಡೇ ಕಾರುಗಳು, ಒಂದು ಅಂಬಾಸಿಡರ್, ಇನ್ನೊಂದು ಫಿಯೆಟ್. ಅಂಬಾಸಿಡರಿನ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿತ್ತು. ಡ್ರೈವರ್ ಪಕ್ಕದಲ್ಲಿ ಇಬ್ಬರು ಆರಾಮವಾಗಿ ಕೂರುತ್ತಿದ್ದರು, ಮದುವೆಯ ದಿನವಾದರೆ ಮೂವರು. ಹಿಂದೆ ಹೆಂಗಸರು, ಅವರ ತೊಡೆಯ ಮೇಲೆ ಮಕ್ಕಳು, ಕಾಲ ಬಳಿ ತಿಂಡಿಯ ಡಬ್ಬಗಳು. ಬೆಲ್ಟೆಂಬ ವಸ್ತು ಪ್ಯಾಂಟಿಗೆ ಸಂಬಂಧಪಟ್ಟದ್ದೆಂದೇ ನಮ್ಮ ತಿಳಿವಳಿಕೆ.

ಅಷ್ಟು ಹೊತ್ತಿಗೆ ಹೊರದೇಶಗಳಲ್ಲಿ ವಿಷಯ ಬಹಳ ಮುಂದೆ ಹೋಗಿತ್ತು. ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಎಂಬಾತ ಎದೆಯ ಮೇಲೊಂದು, ಸೊಂಟದ ಮೇಲೊಂದು ಪಟ್ಟಿ ಬರುವಂತೆ, ಮೂರು ಕಡೆ ಬಿಗಿಯುವ ಬೆಲ್ಟನ್ನು ರೂಪಿಸಿದ. ಅದು 1959ರಲ್ಲಿ ಕಾರುಗಳಿಗೆ ಬಂತು. ಕಂಪನಿ ಆ ಪೇಟೆಂಟನ್ನು ತನಗೇ ಇಟ್ಟುಕೊಳ್ಳದೆ ಇತರ ತಯಾರಕರಿಗೂ ಬಿಟ್ಟುಕೊಟ್ಟಿತು. ವ್ಯಾಪಾರದ ಚರಿತ್ರೆಯಲ್ಲಿ ಇಂಥದ್ದು ಅಪರೂಪ. ಬೆಲ್ಟ್ ಹಾಕಲೇಬೇಕೆಂಬ ಕಾನೂನನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲಿ ತಂದಿತು. ಬ್ರಿಟನ್ನಿನಲ್ಲಿ ಮುಂದಿನ ಸೀಟಿನವರಿಗೆ ಅದು ಕಡ್ಡಾಯವಾದದ್ದು 1983ರಲ್ಲಿ, ಹಿಂದೆ ಕೂರುವ ದೊಡ್ಡವರಿಗೆ 1991ರಲ್ಲಿ. ಈ ಎಂಟು ವರ್ಷಗಳ ಅಂತರವನ್ನು ಗಮನಿಸಬೇಕು. ಹಿಂದಿನ ಸೀಟನ್ನು ಮರೆತವರು ನಾವೊಬ್ಬರೇ ಅಲ್ಲ.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ 1989ರ ಜುಲೈ 1ರಿಂದ ಜಾರಿಗೆ ಬಂದವು. ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟ್ ಅಳವಡಿಸುವುದು 1994ರಿಂದ ಕಡ್ಡಾಯವಾಯಿತು. ಹಿಂದಿನ ಸೀಟಿನ ಸರದಿ ಸುಮಾರು ಎಂಟು ವರ್ಷಗಳ ನಂತರ ಬಂತು. ಅಲ್ಲಿ ಕುಳಿತವರೂ ಬೆಲ್ಟ್ ಹಾಕತಕ್ಕದ್ದೆಂಬ ಮಾತು 138ನೆಯ ನಿಯಮದಲ್ಲಿ ಅಂದಿನಿಂದ ಇದೆ. ನನ್ನ ವಿದ್ಯಾರ್ಥಿ ಹೊಸದೆಂದು ಬೈದ ಕಾನೂನಿಗೆ ಇಪ್ಪತ್ತು ವರ್ಷ ದಾಟಿದೆ! ಆದರೆ ಅವನನ್ನು ದೂರುವುದು ಹೇಗೆ? ತಪ್ಪಿದರೆ ಮೊದಲ ಸಲ 100 ರೂಪಾಯಿ ದಂಡ. ಅದನ್ನು ಹಿಂದಿನ ಸೀಟಿನವರಿಂದ ವಸೂಲು ಮಾಡಿದ್ದನ್ನು ನಾನಂತೂ ಆ ದಿನಗಳಲ್ಲಿ ಕಂಡದ್ದಿಲ್ಲ.

ಮುಂದಿನ ಸೀಟಿನಲ್ಲಾದರೂ ನಾವು ಬೆಲ್ಟ್ ಹಾಕುತ್ತಿದ್ದದ್ದು ಜೀವಕ್ಕೆ ಹೆದರಿ ಅಲ್ಲ, ಪೊಲೀಸರಿಗೆ ಹೆದರಿ. ವಿಜಯನಗರದಲ್ಲಿ ಮನೆ ಬಿಡುವಾಗ ಹಾಕುವುದು, ಕೆಂಗೇರಿ ದಾಟಿದೊಡನೆ ಬಿಚ್ಚಿ ನಿಟ್ಟುಸಿರು ಬಿಡುವುದು. ಕೆಂಗೇರಿಯೆಂದರೆ ನಮಗೆ ಬೆಲ್ಟಿನ ಗಡಿ.

ಇನ್ನು ಆ ಉಳಿದರ್ಧ. 2003ರಲ್ಲಿ ನಾವು ಸಣ್ಣದೊಂದು ಹೊಸ ಕಾರು ಕೊಂಡೆವು. ಹಿಂದಿನ ಸೀಟಿಗೂ ಬೆಲ್ಟ್ ಇತ್ತು. ಬಟ್ಟೆ ಕೊಳೆಯಾದೀತೆಂದು ನಾನೇ ಜೆ.ಸಿ. ರಸ್ತೆಗೆ ಹೋಗಿ ಸೀಟಿಗೆ ರೆಕ್ಸಿನ್ ಕವರು ಹಾಕಿಸಿದೆ. ಹಿಂದಿನ ಬೆಲ್ಟಿನ ಕೊಂಡಿಗಳನ್ನು ಹುಡುಗ ಕವರಿನ ಕೆಳಗೆ ತಳ್ಳಿ, "ಇದು ಯಾರೂ ಹಾಕಲ್ಲ ಸಾರ್, ಒತ್ತುತ್ತೆ ಅಷ್ಟೆ" ಎಂದ. ಒಳ್ಳೆಯದೇ ಆಯಿತೆಂದುಕೊಂಡೆ.

2006ರ ಚಳಿಗಾಲದಲ್ಲಿ ಮೈಸೂರಿನ ಒಂದು ಗೃಹಪ್ರವೇಶಕ್ಕೆ ಹೊರಟೆವು. ಮಗ ಕಾರು ನಡೆಸುತ್ತಿದ್ದ. ನನ್ನ ಮಂಡಿನೋವನ್ನು ನೋಡಿ ನನ್ನ ಷಡ್ಡಕರು, "ನೀವು ಮುಂದೆ ಕೂತ್ಕೊಳ್ಳಿ, ಕಾಲು ಚಾಚಬಹುದು" ಎಂದು ಬಲವಂತ ಮಾಡಿ ತಾವು ಹಿಂದೆ ಕುಳಿತರು. ಅಂದು ಮಾತಿನ ಭರದಲ್ಲಿ ಕೆಂಗೇರಿ ದಾಟಿದರೂ ನಾವಿಬ್ಬರೂ ಬೆಲ್ಟ್ ಬಿಚ್ಚಲು ಮರೆತಿದ್ದೆವು. ಮದ್ದೂರು ಕಳೆದ ಮೇಲೆ, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಕಬ್ಬು ಹೇರಿದ ಎತ್ತಿನಗಾಡಿಯೊಂದು ದೀಪವಿಲ್ಲದೆ ರಸ್ತೆಗೆ ಏರಿತು. ನನಗೂ ಮಗನಿಗೂ ಎದೆಯ ಮೇಲೆ ಬೆಲ್ಟಿನ ಬರೆ ಮೂಡಿದ್ದಷ್ಟೇ. ಹಿಂದಿದ್ದ ಅವರ ದೇಹ ಕಾರಿನ ವೇಗದಲ್ಲೇ ಮುಂದಕ್ಕೆ ಬಂದು ನನ್ನ ಸೀಟಿಗೆ ಬಡಿಯಿತು. ಮೂರನೆಯ ದಿನ ತೀರಿಕೊಂಡರು. ವಿಧಿ, ಎತ್ತಿನಗಾಡಿ, ಕತ್ತಲೆ ಎಂದು ನಾವೆಲ್ಲ ಆಡಿಕೊಂಡೆವು. ಕೊಂಡಿ ಕವರಿನ ಕೆಳಗಿದ್ದ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಅದು ಮೇಲಿದ್ದರೂ ಅವರು ಹಾಕಿಕೊಳ್ಳುತ್ತಿರಲಿಲ್ಲವೇನೋ. ಆಗ ಯಾರು ಹಾಕುತ್ತಿದ್ದರು? ಹೀಗೆಂದು ನೂರು ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಹಾಕಿಕೊಳ್ಳುವ ದಾರಿಯನ್ನೇ ನಾನು ದುಡ್ಡು ಕೊಟ್ಟು ಮುಚ್ಚಿಸಿದ್ದೆ.

ಮುಂದಿನದು ನಿಮಗೆಲ್ಲ ಗೊತ್ತಿರುವುದೇ. 2019ರ ತಿದ್ದುಪಡಿ 194ಬಿ ಎಂಬ ಹೊಸ ಕಲಮನ್ನು ಸೇರಿಸಿ ದಂಡವನ್ನು 1000 ರೂಪಾಯಿಗೆ ಏರಿಸಿತು. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಹಾಕಿಸದಿದ್ದರೂ ಅಷ್ಟೇ ದಂಡ. ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಆ ದಂಡವನ್ನು ಜನರ ಕೂಗಿಗೆ ಮಣಿದು ಕರ್ನಾಟಕ ಸರ್ಕಾರ ಅದೇ ತಿಂಗಳು 500ಕ್ಕೆ ಇಳಿಸಿತು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಕುಳಿತದ್ದು ಹಿಂದೆ, ಬೆಲ್ಟ್ ಹಾಕಿರಲಿಲ್ಲ. ಮುಂದಿದ್ದ ಇಬ್ಬರು ಬದುಕಿದರು. ಆಗ ದೇಶಕ್ಕೆಲ್ಲ ಹಿಂದಿನ ಸೀಟಿನ ನೆನಪಾಯಿತು. ಮರು ತಿಂಗಳೇ ನಮ್ಮ ರಾಜ್ಯದ ಪೊಲೀಸರಿಗೂ ಹಿಂದಿನವರನ್ನು ಬಿಡಬೇಡಿರೆಂದು ಆದೇಶ ಹೋಯಿತು. ಕೇಂದ್ರ ಸರ್ಕಾರದ ವರದಿಯ ಪ್ರಕಾರ ಆ ಒಂದು ವರ್ಷದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ 8,331 ಜನ ಕಾರು ನಡೆಸುತ್ತಿದ್ದವರಲ್ಲ, ಸುಮ್ಮನೆ ಕುಳಿತಿದ್ದವರು.

2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಘೋಷಿಸಿದಾಗ ಒಂಬತ್ತು ದಿನಗಳಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಹಣ ಬಂತು. ಆಷಾಢದ ಸೀರೆ ಮಾರಾಟದಂತೆ ದಂಡಕ್ಕೂ ರಿಯಾಯಿತಿ ಕೊಡುವುದು ನನಗೇಕೋ ಸರಿಕಾಣದು.

ಈ ಪುಟವನ್ನು ಪತ್ನಿಯ ಅಕ್ಕನವರೂ ಮಕ್ಕಳಿಂದ ಓದಿಸಿ ಕೇಳುತ್ತಾರೆ. ಆದ್ದರಿಂದ ಬರೆಯುವ ಮುನ್ನ, ಹೋದ ಭಾನುವಾರ, ಬಸವೇಶ್ವರನಗರದ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಈಗಿನ ಕಾರಿಗೂ ಕವರು ಹಾಕ್ಸಿದೀರಾ?" ಎಂದು ಕೇಳಿದರು. ಇಲ್ಲವೆಂದೆ. ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಇದನ್ನು ಬರೆಯಲೇ ಎಂದು ಕೇಳಿದ್ದಕ್ಕೆ, "ಬರೀರಿ, ಅವರ ಹೆಸರು ಹಾಕ್ಬೇಡಿ" ಎಂದರು.